ಹಳೇ ಮುರಕಲ್ಲಿನ ಮನೆಯ ಅರ್ಧ ಮಾತ್ರ ಬಿಚ್ಚಲಿಕ್ಕುಂಟು, ಇನ್ನರ್ಧದಲ್ಲಿ ಚಿಕ್ಕಪ್ಪನವ್ರು ಇದ್ದಾರೆ, ಹೇಗೆ ಮಾಡುದು?

ನೀರ್ಚಾಲಿನವ

ನಮಸ್ಕಾರ ಎಲ್ರಿಗೂ. ನಮ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ಅಜ್ಜನ ಕಾಲದ ಮನೆ, ಮಣ್ಣಿನಲ್ಲಿ ಕಟ್ಟಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮೇಲೆ ಮಂಗಳೂರು ಹಂಚು. ನಾಲ್ಕು ವರ್ಷ ಹಿಂದೆ ಪಾಲಾಯ್ತು, ಮೂಡು ಬದಿ ಅರ್ಧ ನಮಗೆ, ಪಡು ಬದಿ ಅರ್ಧ ಚಿಕ್ಕಪ್ಪನಿಗೆ. ಮಧ್ಯದಲ್ಲಿ ಒಂದೇ ಗೋಡೆ, ಮಾಡು (ಹಂಚಿನ ಛಾವಣಿ) ಮಾತ್ರ ಆಚೆ ತುದಿಯಿಂದ ಈಚೆ ತುದಿಗೆ ಒಂದೇ. ನಮ್ಮ ಅರ್ಧದಲ್ಲಿ ಎರಡು ವರ್ಷದಿಂದ ಯಾರೂ ಇಲ್ಲ, ಮಳೆಗೆ ಒಂದು ಮೂಲೆ ಪಕ್ಕಾಸು (ಮಾಡಿನ ಓರೆ ಮರ) ಕುಂಬಾಗಿ, ಅಂದ್ರೆ ಕೊಳೆತು, ಹಂಚು ಜಾರಿದೆ, ರಿಪೇರಿ ಮಾಡಿ ಪ್ರಯೋಜನ ಇಲ್ಲ ಅಂತ ಎಲ್ಲರೂ ಹೇಳಿದ್ರು, ಹಾಗೆ ನಮ್ಮ ಭಾಗ ಬಿಚ್ಚಿ ಅಲ್ಲೇ ಸಣ್ಣ ಮನೆ ಕಟ್ಟುವ ಅಂತ ನಿಶ್ಚಯ ಆಗಿದೆ.

ಈಗ ಸಮಸ್ಯೆ ಎಂತ ಅಂದ್ರೆ ಚಿಕ್ಕಮ್ಮ ಹಾಸಿಗೆ ಹಿಡಿದು ಒಂದೂವರೆ ವರ್ಷ ಆಯ್ತು, ಅವ್ರು ಮಲಗುವ ಕೋಣೆ ಸರಿಯಾಗಿ ಆ ಮಧ್ಯದ ಗೋಡೆಗೆ ತಾಗಿಕೊಂಡೇ ಉಂಟು. ಜೆಸಿಬಿಯವ್ರನ್ನು ಕರ್ಕೊಂಡು ಬಂದು ತೋರಿಸಿದೆ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ರೆ ಸಂಜೆಗೆ ಜಾಗ ಸಮ ಮಾಡಿ ಕೊಡ್ತೇನೆ ಅಂದ್ರು. ಊರಿನ ಒಬ್ಬ ಮೇಸ್ತ್ರಿ ಕೈಯಲ್ಲೇ ಬಿಚ್ಬೇಕು, ಮೂರು ವಾರ ಹಿಡಿತದೆ ಅಂತಾರೆ, ಖರ್ಚು ಅದಕ್ಕೆ ಹೆಚ್ಚು. ಹಿಂದೆ ಅಡಿಗೆ ಕೋಣೆ ಮತ್ತೆ ಬಚ್ಚಲು ಸುಮಾರು ನಲ್ವತ್ತು ವರ್ಷ ಹಿಂದೆ ಸೇರಿಸಿದ್ದು, ಅದಕ್ಕೆ ಕಾಂಕ್ರೀಟ್ ಸ್ಲ್ಯಾಬ್. ಬಚ್ಚಲಿನಿಂದ ಹತ್ತು ಅಡಿಯಲ್ಲಿ ಬಾವಿ, ಎರಡೂ ಮನೆಯವ್ರು ಅದರ ನೀರೇ ಕುಡಿಯುದು. ದನದ ಕೊಟ್ಟಿಗೆಗೆ ಹಳೇ ಸಿಮೆಂಟ್ ಶೀಟು. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು, ಮಳೆಗಾಲದ ಒಳಗೆ, ಕೆಲಸ ಮುಗಿಸ್ಬೇಕು ಅಂತ ನನ್ನ ಲೆಕ್ಕ.

ನನಗೆ ಮಧ್ಯದ ಗೋಡೆದ್ದೇ ಹೆದರಿಕೆ. ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಮುಳ್ಳೇರಿಯ ಮೇಸ್ತ್ರಿ

ನೋಡಿ ತಮ್ಮಾ, ನಾನು ಮೂವತ್ತು ವರ್ಷದಿಂದ ಕಟ್ಟುದೂ ಬಿಚ್ಚುದೂ ಮಾಡ್ತಾ ಬಂದವ. ಆ ಮನೆಗೆ ಜೆಸಿಬಿಯ ಕೈ ತಾಗಿಸ್ಬೇಡಿ, ಕಡೆಪಕ್ಷ ಮಧ್ಯದ ಗೋಡೆಯ ಹತ್ರ ಬರ್ಲಿಕ್ಕೆ ಬಿಡ್ಬೇಡಿ. ಮಣ್ಣಿನಲ್ಲಿ ಕಟ್ಟಿದ ಮುರಕಲ್ಲು ಅಂದ್ರೆ ಕಲ್ಲಿನ ಮೇಲೆ ಕಲ್ಲು ಕೂತ ಭಾರದಲ್ಲಿಯೇ ನಿಲ್ಲುದು, ಸಿಮೆಂಟಿನ ಹಾಗೆ ಹಿಡ್ಕೊಳ್ಳುವುದಿಲ್ಲ. ಮೇಲಿನಿಂದ ಮಾಡು ಒತ್ತಿ ಹಿಡಿದಿರ್ತದೆ, ಅಡ್ಡಗೋಡೆಗಳು ಬದಿಯಿಂದ ಹಿಡಿದಿರ್ತವೆ. ನೀವು ಮಾಡು ತೆಗೆದ ದಿವಸವೇ ಗೋಡೆ ಮೊದಲಿನ ಗೋಡೆ ಅಲ್ಲ. ಆಮೇಲೆ ಮಿಷನಿನ ಬಕೆಟ್ ಅಡ್ಡಗೋಡೆಗೆ ಒಂದು ತಳ್ಳಿದ್ರೆ ಆ ಅಡ್ಡಗೋಡೆ ಮಧ್ಯದ ಗೋಡೆಯ ಕಲ್ಲನ್ನು ಸೆಳ್ಕೊಂಡೇ ಬೀಳ್ತದೆ, ಯಾಕೆ ಅಂದ್ರೆ ಮೂಲೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಕಲ್ಲು ಕೋಸಿ ಇಟ್ಟಿರ್ತಾರೆ ಹಳಬರು.

ಕ್ರಮ ಹೇಳ್ತೇನೆ. ಕಟ್ಟಿದ್ದರ ಉಲ್ಟಾ ಬಿಚ್ಚುದು, ಅಷ್ಟೇ ಸೂತ್ರ, ಕಡೆಗೆ ಇಟ್ಟದ್ದು ಮೊದಲು ಬರ್ಬೇಕು. ಬಾಗಿಲು ಕಿಟಕಿಯ ಗಾಜು ಮೊದಲು ತೆಗೀರಿ, ದಾರಂದ (ಬಾಗಿಲಿನ ಚೌಕಟ್ಟು) ಈಗ ತೆಗೀಬೇಡಿ, ದಾರಂದದ ಮೇಲೆ ಕಲ್ಲು ಕೂತಿದೆ, ಹಲಸಿನ ಮರ ಅಂತ ಆಸೆಯಲ್ಲಿ ಮೊದಲೇ ಎಳೆದವ್ರ ಮೇಲೆ ಗೋಡೆ ಬಂದದ್ದುಂಟು. ಹಂಚು ನೆತ್ತಿಯಿಂದ ಕೆಳಗೆ ತೆಗೀತಾ ಬರ್ಬೇಕು, ಅದೂ ಎರಡೂ ಇಳಿಜಾರಿನಲ್ಲಿ ಸಮಸಮ. ಒಂದು ಬದಿ ಪೂರ್ತಿ ಖಾಲಿ ಮಾಡಿ ಇನ್ನೊಂದು ಬದಿ ಹಾಗೇ ಬಿಟ್ರೆ ಭಾರ ಒಂದೇ ಕಡೆಗೆ ವಾಲ್ತದೆ, ಒಂದು ಹಂಚು 2ರಿಂದ 3 ಕಿಲೋ ಇರ್ತದೆ, ಸಾವಿರ ಹಂಚಿಗೆ ಎಷ್ಟಾಯ್ತು ನೀವೇ ಲೆಕ್ಕ ಹಾಕಿ. ಕುಂಬಾದ ಮೂಲೆಗೆ ಯಾರನ್ನೂ ಹತ್ತಿಸ್ಬೇಡಿ, ಅದನ್ನು ಒಳಗಿನಿಂದ ಏಣಿ ಇಟ್ಟು ಅಥವಾ ಹೊರಗೆ ಅಟ್ಟಣಿಗೆ ಕಟ್ಟಿ ತೆಗೀರಿ. ರೀಪಿನ (ಹಂಚು ಕೂರುವ ತೆಳ್ಳಗಿನ ಮರದ ಪಟ್ಟಿಯ) ಮೇಲೆ ಕಾಲಿಡುದಲ್ಲ, ಪಕ್ಕಾಸಿನ ಮೇಲೆ ಹಲಗೆ ಅಡ್ಡ ಹಾಕಿ ಅದರ ಮೇಲೆ ಕೂತು ಕೆಲಸ. ಸೊಂಟಕ್ಕೆ ಬೆಲ್ಟು, ಬೆಲ್ಟಿನ ಹಗ್ಗ ಬಿಚ್ಚದ ಮರಕ್ಕೆ ಕಟ್ಟಬೇಕು, ಈಗ ಬಿಚ್ಚುವ ಮರಕ್ಕೇ ಕಟ್ಟಿ ಪ್ರಯೋಜನ ಇಲ್ಲ.

ಇಳಿಸಿದ ಹಂಚು, ಕಲ್ಲು ಅಟ್ಟದ ಮುಚ್ಚಿಗೆಯ ಮೇಲೆ ರಾಶಿ ಹಾಕ್ಲಿಕ್ಕೆ ಬಿಡ್ಲೇಬೇಡಿ. ಕೆಲಸದವ್ರು ಸುಲಭ ಅಂತ ಹಾಗೆ ಮಾಡ್ತಾರೆ. ಅಡಿಯಲ್ಲಿ ಗೆದ್ದಲು ಹಿಡಿದ ತೊಲೆ ಇದ್ರೆ ರಾಶಿಯೂ ಜನವೂ ಒಟ್ಟಿಗೆ ಕೆಳಗೆ. ಮತ್ತೆ, ಎರಡು ವರ್ಷ ಮುಚ್ಚಿದ ಮನೆ ಅಂದ್ರೆ ಹಾವು, ಕಣಜದ ಗೂಡು ಇರ್ತದೆ, ಮಾಡಿನ ಮೇಲೆ ಇದ್ದವನಿಗೆ ಕಣಜ ಮುತ್ತಿದ್ರೆ ಓಡ್ಲಿಕ್ಕೆ ಜಾಗ ಇಲ್ಲ, ಹಿಂದಿನ ದಿವಸವೇ ನೋಡಿ ಇಡಿ.

ಉಪ್ಪಳದ ರಫೀಕಣ್ಣ

ಮೇಸ್ತ್ರಿಗಳು ಹೇಳಿದ್ದು ನೂರಕ್ಕೆ ನೂರು. ನಾನು ನೋಡಿದ್ದು ಒಂದು ಹೇಳ್ತೇನೆ, ಹೈವೇ ಅಗಲ ಮಾಡುವಾಗ ನಮ್ಮ ಕಡೆ ರಸ್ತೆ ಬದಿಯ ಎಷ್ಟೋ ಅಂಗಡಿ ಮನೆಗಳು ಅರ್ಧರ್ಧ ಹೋದವು. ನಮ್ಮ ಸಂಬಂಧದವ್ರ ಒಂದು ಕಟ್ಟಡದ ಮುಂದಿನ ಭಾಗ ತೆಗೆಯುವಾಗ ಕೆಲಸದವ್ರು ಗೋಡೆಯ ಬುಡದಲ್ಲಿ ಪಿಕಾಸಿನಿಂದ ಉದ್ದಕ್ಕೆ ಕೊರೆದು, ಮೇಲೆ ಹಗ್ಗ ಕಟ್ಟಿ ಎಳೆದು ಒಟ್ಟಿಗೆ ಬೀಳಿಸುವ ಅಂತ ಹೊರಟ್ರು, ಮೇಲಿನಿಂದ ಸಾಲು ಸಾಲು ತೆಗೀಲಿಕ್ಕೆ ಹೊತ್ತಾಗ್ತದೆ ಅಂತ. ಹಗ್ಗ ಎಳೆಯುವ ಮೊದಲೇ ಗೋಡೆ ಕೊರೆಯುವ ಬದಿಗೇ ಬಂತು. ಬಂಗಾಳದ ಒಬ್ಬ ಹುಡುಗನ ಎರಡೂ ಕಾಲು ಅಡಿಯಲ್ಲಿ. ಮಂಗಳೂರಿಗೆ ಕೊಂಡೋಗಿ ಒಂದು ಕಾಲು ಉಳಿಸಿದ್ರು. ಇಪ್ಪತ್ತೆರಡು ವರ್ಷದವ. ಅವನಿಗೆ ಕನ್ನಡವೂ ಬರ್ತಿರ್ಲಿಲ್ಲ ಮಲಯಾಳವೂ ಬರ್ತಿರ್ಲಿಲ್ಲ, "ಹಿಂದೆ ಬಾ" ಅಂತ ನಾವು ಬೊಬ್ಬೆ ಹಾಕಿದ್ದು ಅವನಿಗೆ ಅರ್ಥವೇ ಆಗ್ಲಿಲ್ಲ. ನನಗೆ ಈಗ್ಲೂ ಅದೇ ಕಣ್ಣಿಗೆ ಕಟ್ಟುದು.

ಹಾಗಾಗಿ ನೀವು ಯಾರಿಗೇ ಕಾಂಟ್ರಾಕ್ಟ್ ಕೊಡಿ, ಬುಡ ಕೊರೆಯುವುದಿಲ್ಲ ಅಂತ ಮೊದಲೇ ಮಾತು ತಕ್ಕೊಳ್ಳಿ, ಮತ್ತೆ ಕೆಲಸದವ್ರ ಭಾಷೆ ಗೊತ್ತಿರುವ ಒಬ್ಬ ಅಂಗಳದಲ್ಲಿ ನಿಂತೇ ಇರ್ಬೇಕು, ಅವನಿಗೆ ಬೇರೆ ಕೆಲಸ ಕೊಡ್ಬೇಡಿ, ಗೋಡೆ ನೋಡುದೇ ಅವನ ಕೆಲಸ. ಒಂದು ಸೀಟಿ ಕೊಡಿ, ಸೀಟಿ ಊದಿದ್ರೆ ಎಲ್ಲರೂ ಬಿಟ್ಟು ಓಡುದು, ಅದಕ್ಕೆ ಭಾಷೆ ಬೇಡ. ಇನ್ಶೂರೆನ್ಸ್ ಇದೆಯಾ ಅಂತ ಕಾಗದ ತೋರಿಸ್ಲಿಕ್ಕೆ ಹೇಳಿ, ಆ ಹುಡುಗನಿಗೆ ಇರ್ಲಿಲ್ಲ.

ಸಿವಿಲ್_ಪೆರ್ಲ

ನಾನು ಸಿವಿಲ್ ಇಂಜಿನಿಯರ್, ಪೆರ್ಲದವ, ಈಗ ಮಂಗಳೂರಲ್ಲಿ ಕೆಲಸ. ಮೇಲಿನ ಇಬ್ರೂ ಹೇಳಿದ್ದು ಸರಿ, ಕಟ್ಟಡ ಕೆಡಹುವ ಸುರಕ್ಷತೆಗೆ ಅಂತಲೇ ಐಎಸ್ 4130 ಅಂತ ಒಂದು ಕೋಡ್ ಉಂಟು, 1991ರಲ್ಲಿ ಪರಿಷ್ಕಾರ ಆದದ್ದು, ಅದರಲ್ಲೂ ಮೇಲಿನಿಂದ ಕೆಳಗೆ ಕ್ರಮವಾಗಿ ಬರ್ಬೇಕು, ಕರೆಂಟ್ ನೀರಿನ ಲೈನು ಜಾಗದ ಗಡಿಯಲ್ಲೇ ಕಡಿದಿರ್ಬೇಕು ಅಂತ ಇದೇ ಮಾತು. ನಾನು ಮಧ್ಯದ ಗೋಡೆ ಬಗ್ಗೆ ಮಾತ್ರ ಹೇಳ್ತೇನೆ, ಪ್ರಶ್ನೆ ಅಲ್ಲೇ ಇರುದು.

ಮೊದಲು ಅಟ್ಟ ಹತ್ತಿ ನೋಡಿ, ನಿಮ್ಮ ಬದಿಯ ತೊಲೆಗಳೂ ಚಿಕ್ಕಪ್ಪನ ಬದಿಯ ತೊಲೆಗಳೂ ಆ ಗೋಡೆಯ ಮೇಲೆ ಹೇಗೆ ಕೂತಿವೆ ಅಂತ. ಎರಡು ಬದಿದ್ದೂ ಬೇರೆ ಬೇರೆ ಮರ, ಗೋಡೆಯ ಮೇಲೆ ಬಂದು ಕೂತಿದ್ರೆ ಸುಲಭ. ಒಂದೇ ಉದ್ದ ಮರ ಗೋಡೆ ದಾಟಿ ಆಚೆ ಹೋಗಿದ್ರೆ, ನೆತ್ತಿಯ ಮರ ಹಾಗೇ ಇರುವುದು ಹೆಚ್ಚು, ನಿಮ್ಮ ಬದಿ ಕತ್ತರಿಸಿದ ಕೂಡ್ಲೇ ಆಚೆಯ ಮಾಡು ಕುಗ್ಗುವ ಸಾಧ್ಯತೆ ಉಂಟು. ಅದಕ್ಕೆ ಕತ್ತರಿಸುವ ಮೊದಲೇ ಚಿಕ್ಕಪ್ಪನ ಬದಿಯಲ್ಲಿ ಆ ಮರದ ಅಡಿಗೆ ಜಾಕಿ ಕೊಡ್ಬೇಕು, ನೆಲಕ್ಕೆ ಹಲಗೆ ಇಟ್ಟು ಅದರ ಮೇಲೆ ಜಾಕಿ, ಬರೇ ಸಗಣಿ ನೆಲದ ಮೇಲೆ ಇಟ್ರೆ ಇಳಿತದೆ. ಕತ್ತರಿಸುದು ಗೋಡೆಗೆ ಸರಿಯಾಗಿ ಅಲ್ಲ, ನಿಮ್ಮ ಬದಿಗೆ ಎರಡಡಿಯಾದ್ರೂ ಮಾಡು ಹೊರಗೆ ಉಳಿಯುವ ಹಾಗೆ. ಯಾಕೆ ಅಂತ ಕೇಳಿದ್ರೆ, ಆ ಗೋಡೆ ಇಷ್ಟು ವರ್ಷ ಒಳಗಿನ ಗೋಡೆ, ಒಂದು ಹನಿ ಮಳೆ ನೋಡಿದ್ದಲ್ಲ. ನಾಳೆ ಅದು ಹೊರಗಿನ ಗೋಡೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 3500 ಮಿಲ್ಲಿಮೀಟರ್ ಆಸುಪಾಸು ಮಳೆ, ಮಣ್ಣಿನ ಗಾರೆ ಒಂದೇ ಆಷಾಢದಲ್ಲಿ ತೊಳೆದು ಹೋಗ್ತದೆ. ಬಿಚ್ಚುವ ದಿವಸ ಬೀಳದ ಗೋಡೆ ಜುಲೈಯಲ್ಲಿ ಬೀಳ್ತದೆ, ಅದೂ ರಾತ್ರಿ. ನೀವು ಯಂತ್ರಕ್ಕೆ ಹೆದರಿದಷ್ಟೇ ಮಳೆಗೂ ಹೆದರ್ಬೇಕು.

ಇನ್ನೊಂದು ಮುಖ್ಯ. ಮಧ್ಯದ ಗೋಡೆಗೆ ಬಂದು ಸೇರುವ ನಿಮ್ಮ ಬದಿಯ ಅಡ್ಡಗೋಡೆಗಳನ್ನು ಪೂರ್ತಿ ಕೆತ್ತಿ ತೆಗೀಬೇಡಿ. ಎರಡು ಮೂರು ಅಡಿ ಉಳಿಸಿ, ಮೇಲಿನಿಂದ ಮೆಟ್ಟಿಲಿನ ಹಾಗೆ ಇಳಿಜಾರು ಮಾಡಿ ಬಿಡಿ. ಅದೇ ಆ ಗೋಡೆಗೆ ಊತ, ಅಂದ್ರೆ ಆಸರೆ. ಹೊಸ ಮನೆಯ ಪ್ಲಾನಿಗೆ ಅಡ್ಡ ಬರ್ತದೆ ಅಂತ ಎಲ್ಲರೂ ಸಮ ಕೆತ್ತಿಸ್ತಾರೆ, ಮತ್ತೆ ಗೋಡೆ ವಾಲಿತು ಅಂತ ಫೋನ್ ಮಾಡ್ತಾರೆ. ಆ ಊತದಿಂದ ಆಚೆಗಿನ ಭಾಗ ಕೈಯಲ್ಲಿ ಬಿಚ್ಚಿ ಪೂರ್ತಿ ಬೇರೆ ಆದ ಮೇಲೆ, ದೂರದ ಮೂಡು ಗೋಡೆ, ಪಂಚಾಂಗ (ಅಡಿಪಾಯ) ಎಲ್ಲ ಜೆಸಿಬಿಯಲ್ಲಿ ತೆಗೀಬಹುದು. ಹಾಗೆ ಮಾಡಿದ್ರೆ ಮೂರು ವಾರ ಬೇಡ, ಖರ್ಚೂ ನಡುವೆ ಬರ್ತದೆ.

ಕೆಲಸ ಶುರು ಮಾಡುವ ಮೊದಲು ಚಿಕ್ಕಪ್ಪನ ಬದಿಯ ಗೋಡೆಯ ಪ್ರತಿ ಬಿರುಕಿಗೂ ತಾರೀಕು ಬೀಳುವ ಹಾಗೆ ಫೋಟೋ ತೆಗೀರಿ, ಚಿಕ್ಕಪ್ಪನನ್ನು ನಿಲ್ಲಿಸಿಕೊಂಡೇ ತೆಗೀರಿ. ದೊಡ್ಡ ಬಿರುಕಿನ ಮೇಲೆ ಅಡ್ಡಕ್ಕೆ ತೆಳ್ಳಗಿನ ಗಾಜಿನ ಪಟ್ಟಿ ಪ್ಲಾಸ್ಟರಲ್ಲಿ ಎರಡೂ ತುದಿ ಹಿಡಿಸಿ ಇಡಿ. ಗೋಡೆ ಕೂದಲೆಳೆಯಷ್ಟು ಅಲುಗಿದ್ರೂ ಗಾಜು ಒಡೀತದೆ. ಒಡೆದ್ರೆ ಆ ಕ್ಷಣ ಕೆಲಸ ನಿಲ್ಲಿಸ್ಬೇಕು.

ಮತ್ತೆ ಚಿಕ್ಕಮ್ಮನನ್ನು ಆ ಕೋಣೆಯಲ್ಲಿ ಇಡ್ಲಿಕ್ಕೆ ಆಗುದಿಲ್ಲ. ಇದು ನಾನು ಬೇಡಿಕೊಂಡು ಹೇಳುದು. ಕಷ್ಟ ಅಂತ ಗೊತ್ತುಂಟು, ನನ್ನ ಅಮ್ಮನೂ ಹಾಗೇ ಇದ್ರು ಮೂರು ವರ್ಷ. ಆದ್ರೂ ಮಾಡು ಕತ್ತರಿಸುವ ದಿವಸದಿಂದ ಗೋಡೆಗೆ ಊತ ನಿಂತು ಪ್ಲಾಸ್ಟರ್ ಆಗುವವರೆಗೆ ಮನೆಯ ಆಚೆ ತುದಿಗೆ ಆದ್ರೂ ಮಂಚ ಸರಿಸಿ, ಸಂಬಂಧಿಕರ ಮನೆ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಕೊಚ್ಚಿಯಲ್ಲಿ_ಕನ್ನಡಿಗ

ಒಂದು ಸಂಶಯ. ಇಲ್ಲಿ ಮರಡಿನ ಫ್ಲಾಟುಗಳನ್ನು 2020ರ ಜನವರಿ 11, 12ಕ್ಕೆ ಸ್ಫೋಟಕ ಇಟ್ಟು ಕೆಲವು ಸೆಕೆಂಡಲ್ಲಿ ಬೀಳಿಸಿದ್ರಲ್ಲ, ಅಕ್ಕಪಕ್ಕದ ಮನೆಗಳು ಉಳಿದವು. ಸಣ್ಣ ಮಟ್ಟಿಗೆ ಹಾಗೆ ಮಾಡುವ ವಿಧಾನ ಇಲ್ವಾ? ಒಂದೇ ಸಲ ಮುಗೀತದಲ್ಲ.

ಸಿವಿಲ್_ಪೆರ್ಲ

ಇಲ್ಲ ಅಣ್ಣ, ಅದು ಬೇರೆಯೇ ಕೆಲಸ. ಅಲ್ಲಿದ್ದದ್ದು ಕಾಂಕ್ರೀಟ್ ಕಾಲಂ ಬೀಮಿನ ಎತ್ತರದ ಕಟ್ಟಡ, ಕೆಳಗಿನ ಆಯ್ದ ಮಹಡಿಗಳ ಕಾಲಂ ಕೊರೆದು ತೂತು ಮಾಡಿ ಸ್ಫೋಟಕ ತುಂಬಿ, ಕ್ಷಣ ಕ್ಷಣದ ಅಂತರದಲ್ಲಿ ಹಾರಿಸಿದಾಗ ಕಟ್ಟಡ ತನ್ನದೇ ಭಾರಕ್ಕೆ ಕುಸಿಯುದು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಒಳಗಿನ ಗೋಡೆಗಳನ್ನೆಲ್ಲ ಕೈಯಲ್ಲೂ ಮಿಷನಲ್ಲೂ ತೆಗೆದಿದ್ರು, ಜನ ನೋಡಿದ್ದು ಕಡೆಯ ಹತ್ತು ಸೆಕೆಂಡ್ ಮಾತ್ರ. ಸುತ್ತಲಿನ 200 ಮೀಟರ್ ಒಳಗಿನ ಜನರನ್ನು ಎಬ್ಬಿಸಿದ್ರು. 2022ರ ಆಗಸ್ಟ್ 28ಕ್ಕೆ ನೋಯ್ಡಾದ ಜೋಡಿ ಗೋಪುರ ಬೀಳಿಸ್ಲಿಕ್ಕೆ ಸುಮಾರು 3700 ಕಿಲೋ ಸ್ಫೋಟಕ ಬೇಕಾಯ್ತು. ಮಣ್ಣಿನ ಗಾರೆಯ ಮುರಕಲ್ಲಿಗೆ ಇದ್ಯಾವುದೂ ಹೊಂದುವುದಿಲ್ಲ, ಗೋಡೆ ಹಂಚಿಕೊಂಡ ಮನೆಗಂತೂ ಯೋಚನೆಯೇ ಬೇಡ.

ಕುಂಬಳೆ ಅಕ್ಕ

ಕೊಟ್ಟಿಗೆಯ ಸಿಮೆಂಟ್ ಶೀಟಿನ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ, ನಾನು ಆಸ್ಪತ್ರೆಯಲ್ಲಿ ಶ್ವಾಸಕೋಶದ ವಾರ್ಡಲ್ಲಿ ನರ್ಸ್ ಆಗಿ ಇದ್ದವಳು. ಹಳೇ ಸಿಮೆಂಟ್ ಶೀಟು ಅಂದ್ರೆ ಕಲ್ನಾರು (ಆಸ್ಬೆಸ್ಟಾಸ್) ಇದೆ ಅಂತಲೇ ತಿಳ್ಕೊಳ್ಳಿ. ಇಡೀ ಶೀಟು ಸುಮ್ಮನೆ ಇದ್ದಷ್ಟು ದಿವಸ ಅಷ್ಟು ತೊಂದರೆ ಇಲ್ಲ, ಒಡೆದಾಗ, ಗರಗಸ ಹಾಕಿದಾಗ, ಜೆಸಿಬಿ ಅದರ ಮೇಲೆ ಹೋಗಿ ಪುಡಿ ಮಾಡಿದಾಗ ಕಣ್ಣಿಗೆ ಕಾಣದ ನಾರು ಹಾರ್ತದೆ, ಎದೆಯೊಳಗೆ ಹೋದದ್ದು ವಾಪಸು ಬರುದಿಲ್ಲ. ಕಾಯಿಲೆ ಕಾಣಿಸ್ಲಿಕ್ಕೆ ಇಪ್ಪತ್ತು ಮೂವತ್ತು ವರ್ಷವೂ ಬೇಕಾಗ್ತದೆ, ಹಾಗಾಗಿ ಯಾರಿಗೂ ಇವತ್ತು ಹೆದರಿಕೆ ಇಲ್ಲ.

ಶೀಟು ತೆಗೆಯುವ ಮೊದಲು ಪೈಪಲ್ಲಿ ನೀರು ಹಾಕಿ ಚೆನ್ನಾಗಿ ಒದ್ದೆ ಮಾಡಿ, ನೀರು ರಭಸದಲ್ಲಿ ಬಿಡ್ಬೇಡಿ, ಚಿಮುಕಿಸುದು. ಬೋಲ್ಟು ಬಿಚ್ಚಿ, ತುಕ್ಕು ಹಿಡಿದು ಬರದಿದ್ರೆ ಬೋಲ್ಟನ್ನೇ ಕತ್ತರಿಸಿ, ಶೀಟು ಒಡೀಬೇಡಿ. ಇಡೀ ಶೀಟನ್ನೇ ಇಬ್ರು ಹಿಡಿದು ಇಳಿಸ್ಬೇಕು, ಮೇಲಿಂದ ಬಿಸಾಡುದಲ್ಲ. ಹಳೇ ಶೀಟಿನ ಮೇಲೆ ಕಾಲಿಟ್ರೆ ಸೀದಾ ಒಳಗೆ, ಹಾಗೆ ಬಿದ್ದವ್ರನ್ನೂ ನಾನು ವಾರ್ಡಲ್ಲಿ ನೋಡಿದ್ದೇನೆ. ಟವೆಲು ಮೂಗಿಗೆ ಕಟ್ಟಿದ್ರೆ ಸಾಲದು, ಎನ್ 95 ಕೂಡ ಕಲ್ನಾರಿಗೆ ಸಾಲದು, ಪಿ 100 ಮಾಸ್ಕ್ ಕೊಡಿ. ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕಲ್ಲಿ ಸುತ್ತಿ ಇಡಿ, ಎಲ್ಲಿಗೆ ಕೊಡ್ಬೇಕು ಅಂತ ಪಂಚಾಯತಿಯಲ್ಲಿ ಕೇಳಿ. ತೋಟದ ಬದಿಗೆ ಹೂಳ್ಬೇಡಿ, ಅಂಗಳ ಒಣ ಹಿಡಿಸೂಡಿಯಲ್ಲಿ ಗುಡಿಸ್ಬೇಡಿ.

ಕಲ್ಲಿನ ಧೂಳೂ ಒಳ್ಳೇದಲ್ಲ, ಚಿಕ್ಕಮ್ಮನಂಥವ್ರಿಗೆ ಧೂಳಿನಿಂದ ಕಫ ಕಟ್ಟಿದ್ರೆ ಕೂತು ಕೆಮ್ಮಿ ಹೊರಹಾಕ್ಲಿಕ್ಕೆ ಆಗುದಿಲ್ಲ, ನ್ಯುಮೋನಿಯಾ ಆಗುವುದು ಹಾಗೆಯೇ. ಗೋಡೆ ಬೀಳದಿದ್ರೂ ಧೂಳು ಸಾಕು. ಆ ಇಂಜಿನಿಯರ್ ತಮ್ಮ ಹೇಳಿದ ಹಾಗೆ ಮನೆಯಿಂದಲೇ ಕರ್ಕೊಂಡು ಹೋಗಿ.

ಮುಳ್ಳೇರಿಯ ಮೇಸ್ತ್ರಿ

ಸ್ಲ್ಯಾಬಿಂದು ಹೇಳ್ಲಿಕ್ಕೆ ಬಿಟ್ಟು ಹೋಯ್ತು. ಬಚ್ಚಲಿಗೆ ಸಜ್ಜ ಇದ್ರೆ ಅದರ ಅಡಿಗೆ ಮೊದಲು ಕಂಬ ಕೊಡಿ. ಸಜ್ಜ ನಿಲ್ಲುದು ಅದರ ಹಿಂದಿನ ಗೋಡೆಯ ಭಾರದಲ್ಲಿ, ಮೇಲಿನ ಎರಡು ಮೂರು ಸಾಲು ಕಲ್ಲು ತೆಗೆದ ಕೂಡ್ಲೇ ಅದು ಮುಂದಕ್ಕೆ ಮಗುಚಿ ಬೀಳ್ತದೆ, ಅಡಿಯಲ್ಲಿ ನೆರಳಿಗೆ ಅಂತ ನಿಂತವನ ತಲೆಗೆ. ಸ್ಲ್ಯಾಬಿನ ಮೇಲೆ ಟ್ಯಾಂಕಿ ಇದ್ರೆ ಖಾಲಿ ಮಾಡಿ ಇಳಿಸಿ. ಸ್ಲ್ಯಾಬಿನ ಮೇಲೆಯೇ ನಿಂತು ಒಡೆಯುವಾಗ ನಿಂತ ಜಾಗವನ್ನೇ ಕಡೀಬೇಡಿ, ಅಡಿಗೆ ಉದ್ದಕ್ಕೂ ಜಾಕಿ ಇರ್ಬೇಕು.

ಬಾವಿಯ ಬಾಯಿಗೆ ಬರೇ ಬಲೆ ಸಾಲದು, ಹಲಗೆ ಹಾಕಿ ಅದರ ಮೇಲೆ ಟರ್ಪಾಲು ಕಟ್ಟಿ, ಜೆಸಿಬಿಯೂ ಟಿಪ್ಪರೂ ಬಾವಿಯ ಬದಿಗೆ ಬರದ ಹಾಗೆ ಕಲ್ಲು ಇಟ್ಟು ಅಡ್ಡ ಮಾಡಿ. ಹಳೇ ಬಾವಿಯ ಕಟ್ಟೋಣಕ್ಕೆ ಬದಿಯಿಂದ ಭಾರ ಬಿದ್ರೆ ಒಳಗೆ ಕುಸಿತದೆ. ಬಚ್ಚಲಿನ ಹಿಂದೆ ಹಳೇ ಗುಂಡಿ ಎಲ್ಲುಂಟು ಅಂತ ಹಿರಿಯರನ್ನು ಕೇಳಿ ಗುರ್ತು ಹಾಕಿ.

ಮರ ಹಂಚು ಕಲ್ಲು ಹಾಳು ಮಾಡ್ಬೇಡಿ. ನಿಮ್ಮ ಹೊಸ ಮನೆಯ ಪಂಚಾಂಗಕ್ಕೆ ಆ ಕಲ್ಲೇ ಸಾಕು, ಹಳೇ ಮುರಕಲ್ಲು ಗಾಳಿಗೆ ಗಟ್ಟಿ ಆಗಿರ್ತದೆ. ಹಂಚಿನ ಹಿಂಬದಿ ನೋಡಿ, ಕಾರ್ಖಾನೆಯ ಮುದ್ರೆ ಇರ್ತದೆ, ಬಾಸೆಲ್ ಮಿಷನಿನವ್ರು ಮಂಗಳೂರಲ್ಲಿ 1865ರಲ್ಲಿ ಶುರು ಮಾಡಿದ ಹಂಚಿನ ಕೆಲಸ ಅದು, ಒಳ್ಳೇ ಹಂಚಾದ್ರೆ ಬಡಿದಾಗ ಗಂಟೆಯ ಹಾಗೆ ಶಬ್ದ ಬರ್ತದೆ.

ಸಿವಿಲ್_ಪೆರ್ಲ

ಉಳಿದ ಮಣ್ಣು ಕಲ್ಲುಪುಡಿಯನ್ನು ಹತ್ರದ ಗದ್ದೆಗೆ ಹಾಕ್ತೇನೆ ಅಂತ ಟಿಪ್ಪರಿನವ್ರು ಹೇಳಿದ್ರೆ ಒಪ್ಬೇಡಿ, ಕೇರಳದಲ್ಲಿ 2008ರ ಭತ್ತದ ಗದ್ದೆ ಸಂರಕ್ಷಣೆಯ ಕಾನೂನು ಉಂಟು, ಕೇಸು ನಿಮ್ಮ ಮೇಲೆ ಬರ್ತದೆ. ನಿಮ್ಮದೇ ಅಂಗಳ ತುಂಬಿಸ್ಲಿಕ್ಕೆ ಇಡಿ. ಪಂಚಾಯತಿಗೆ ಮೊದಲೇ ಅರ್ಜಿ ಕೊಡಿ, ಕನ್ನಡದಲ್ಲೇ ಕೊಡ್ಬಹುದು. ಕೆಎಸ್‌ಇಬಿಯವ್ರು (ಕೇರಳದ ಕರೆಂಟ್ ಬೋರ್ಡಿನವ್ರು) ಬಂದು ಸರ್ವೀಸ್ ವಯರ್ ತೆಗೆಯುವ ಮೊದಲು ಒಂದು ಹಂಚೂ ಮುಟ್ಬೇಡಿ, ಚಿಕ್ಕಪ್ಪನ ಕನೆಕ್ಷನ್ ನಿಮ್ಮ ಗೋಡೆಯ ಮೇಲಿಂದ ಹೋಗಿದೆಯಾ ನೋಡಿ.

ನೀರ್ಚಾಲಿನವ

ಎಲ್ರಿಗೂ ಉಪಕಾರ ಆಯ್ತು. ನಿಮ್ಮ ಉತ್ತರಗಳನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ, ರಫೀಕಣ್ಣ ಬರೆದದ್ದು ಕೇಳಿ ಅವ್ರು ಸುಮಾರು ಹೊತ್ತು ಮಾತಾಡ್ಲಿಲ್ಲ. ಮತ್ತೆ ಅವ್ರೇ ಹೇಳಿದ್ರು, ಚಿಕ್ಕಮ್ಮನನ್ನು ಮಗಳ ಮನೆಗೆ ಕಳಿಸ್ತೇನೆ ಅಂತ. ದೈವದ ಮಂಚ ನಮ್ಮ ಚಾವಡಿಯಲ್ಲಿತ್ತು, ಅದನ್ನೂ ಕ್ರಮ ಪ್ರಕಾರ ಚಿಕ್ಕಪ್ಪನ ಬದಿಗೆ ಸರಿಸಿದ್ದಾಯ್ತು. ಅಟ್ಟ ಹತ್ತಿ ನೋಡಿದೆ, ಇಂಜಿನಿಯರ್ ಅಣ್ಣ ಹೇಳಿದ ಹಾಗೆ ನೆತ್ತಿಯ ಮರ ಒಂದೇ, ಗೋಡೆ ದಾಟಿ ಆಚೆಗೆ ನಾಲ್ಕಡಿ ಹೋಗಿದೆ, ತೊಲೆಗಳು ಮಾತ್ರ ಬೇರೆ ಬೇರೆ. ಊರಿನ ಮೇಸ್ತ್ರಿಯವ್ರಿಗೇ ಕೆಲಸ ಕೊಟ್ಟೆ, ಕಡೆಯ ಎರಡು ದಿವಸ ಮಾತ್ರ ಜೆಸಿಬಿ.

ನೀರ್ಚಾಲಿನವ

ಹನ್ನೆರಡು ದಿವಸ ಆದ ಮೇಲೆ ಬರೀತಾ ಇದ್ದೇನೆ. ಹಂಚು ಮರ ಎಲ್ಲ ಇಳಿದಿದೆ, ನೆತ್ತಿಯ ಮರ ಎರಡೂವರೆ ಅಡಿ ಉಳಿಸಿ ನಿನ್ನೆ ಕತ್ತರಿಸಿದ್ದು. ಇವತ್ತು ಬೆಳಿಗ್ಗೆ ನೋಡಿದ್ರೆ ಮೂರು ಗಾಜಿನ ಪಟ್ಟಿಯಲ್ಲಿ ಒಂದು ಒಡೆದಿದೆ, ಮೇಲಿನದ್ದು, ನೆತ್ತಿಯ ಮರ ಗೋಡೆಗೆ ಕೂತ ಜಾಗದಿಂದ ಒಂದಡಿ ಕೆಳಗೆ. ಕೆಲಸದವ್ರನ್ನು ಹೊರಗೆ ಕಳಿಸಿದ್ದೇನೆ, ಚಿಕ್ಕಪ್ಪನೂ ಹೊರಗೆ ಇದ್ದಾರೆ. ಈಗ ಎಂತ ಮಾಡುದು?

ಸಿವಿಲ್_ಪೆರ್ಲ

ನಿಲ್ಲಿಸಿದ್ದು ಒಳ್ಳೇದಾಯ್ತು. ಗೋಡೆಯ ಅಡಿಗೆ ಹೋಗ್ಬೇಡಿ. ಚಿಕ್ಕಪ್ಪನ ಬದಿಯ ಬಾಗಿಲಲ್ಲಿ ನಿಂತು ನೋಡಿ, ಜಾಕಿಯ ತಲೆ ಮರಕ್ಕೆ ಕಚ್ಚಿ ಕೂತಿದೆಯಾ, ಇಲ್ಲಾ ನಡುವೆ ಸಂದು ಕಾಣ್ತದಾ? ಫೋಟೋ ಹಾಕಿ, ಮಧ್ಯಾಹ್ನ ನಾನೇ ಹೊರಟು ಬರ್ತೇನೆ.

ನೀರ್ಚಾಲಿನವ

ಸಂದು ಉಂಟು, ಒಂದು ಬೆರಳಿನಷ್ಟು. ಅಡಿಯ ಹಲಗೆ ಒಂದು ಬದಿಗೆ ನೆಲದೊಳಗೆ ಇಳಿದಿದೆ.

ನೀರ್ಚಾಲಿನವ

ಅಣ್ಣ ಬಂದು ಹೋದ್ರು. ಹಳೇ ಹಲಗೆಯ ಬದಿಗೆ ದೊಡ್ಡ ಹಲಗೆ ಎರಡು ಹಾಕಿ, ಹೊಸ ಜಾಕಿ ಎರಡು ನಿಲ್ಲಿಸಿ ಬಿಗಿ ಮಾಡಿದ ಮೇಲೆಯೇ ಹಳೇದನ್ನು ತೆಗೆದದ್ದು. ಅಡ್ಡಗೋಡೆಯ ಊತ ಮೂರಡಿ ಉಳಿಸಿದ್ದು ಇದ್ದ ಕಾರಣ ಗೋಡೆ ವಾಲಿಲ್ಲ, ತೂಗುಗುಂಡು ಬಿಟ್ಟು ನೋಡಿದ್ರು. ಹೊಸ ಗಾಜು ಅಂಟಿಸಿ ಎರಡು ದಿವಸ ಕಾಯ್ಲಿಕ್ಕೆ ಹೇಳಿದ್ದಾರೆ. ಗೋಡೆಗೆ ಟರ್ಪಾಲು ಕಟ್ಟಿಯಾಗಿದೆ, ಮೂಡು ಕಡೆ ಮೋಡ ಕಾಣ್ತಾ ಉಂಟು.

ಮುಳ್ಳೇರಿಯ ಮೇಸ್ತ್ರಿ

ಟರ್ಪಾಲಿನ ಕೆಳಗಿನ ಅಂಚು ಗೋಡೆಗೆ ತಾಗಿಸ್ಬೇಡಿ, ಒಂದಡಿ ದೂರಕ್ಕೆ ಎಳೆದು ಕಟ್ಟಿ, ಇಲ್ಲದಿದ್ರೆ ನೀರು ಸೀದಾ ಬುಡಕ್ಕೆ ಇಳಿತದೆ. ಹೊಸ ಪಂಚಾಂಗ ಅಗೆಯುವಾಗಲೂ ಆ ಗೋಡೆಯ ಬುಡದಿಂದ ಆಳಕ್ಕೆ ಒಟ್ಟಿಗೆ ಅಗೀಬೇಡಿ, ಹತ್ರ ಹೋಗ್ಲೇಬೇಕಾದ್ರೆ ಒಂದು ಮೀಟರ್ ಅಗೆದು ಕಟ್ಟಿ ತುಂಬಿಸಿದ ಮೇಲೆಯೇ ಮುಂದಿನ ಮೀಟರ್. ಮಳೆ ಬಂದ್ರೆ ಗುಂಡಿಯಲ್ಲಿ ನೀರು ನಿಲ್ಲದ ಹಾಗೆ ಇವತ್ತೇ ಒಂದು ಕಣಿ ತೆಗೆದು ಬಿಡಿ.